ತುಕ್ಕು ಹಿಡಿದ ಬೀಟಲ್ ಕಾರನ್ನು ಮತ್ತೆ ರಸ್ತೆಗಿಳಿಸುವುದು ಹೇಗೆ

ಫೋಕ್ಸ್‌ವ್ಯಾಗನ್ ಬೀಟಲ್‌ಗೆ ರೇಡಿಯೇಟರ್ ಇಲ್ಲ. ಕಾರಿನ ಹಿಂಭಾಗದಲ್ಲಿ ಮಲಗಿರುವ ನಾಲ್ಕು ಸಿಲಿಂಡರಿನ ಎಂಜಿನ್ನನ್ನು ತಂಪಾಗಿಡುವುದು ಒಂದು ಫ್ಯಾನ್, ಅದರ ಗಾಳಿಗೆ ದಾರಿ ಮಾಡಿಕೊಡುವ ಒಂದಷ್ಟು ತಗಡು ಮತ್ತು ಎರಡೂವರೆ ಲೀಟರ್ ಆಯಿಲ್. ವ್ಯವಸ್ಥೆ ಇಷ್ಟು ಸರಳವಾದ್ದರಿಂದ ಹೊಸಬರೆಲ್ಲ ಎಂಜಿನ್ನಿನಿಂದಲೇ ಕೆಲಸ ಶುರು ಮಾಡುತ್ತಾರೆ. ತಪ್ಪಾಗುವುದು ಅಲ್ಲೇ. ಕೆಟ್ಟ ಎಂಜಿನ್ನನ್ನು ನಾಲ್ಕು ಬೋಲ್ಟು ಬಿಚ್ಚಿ ಇಳಿಸಿ ಯಾವಾಗ ಬೇಕಾದರೂ ಸರಿಮಾಡಬಹುದು. ಕೊಳೆತ ತಗಡು ಹಾಗಲ್ಲ. ಅರ್ಧಕ್ಕೆ ನಿಂತು ಶೆಡ್ಡಿನಲ್ಲಿ ಧೂಳು ತಿನ್ನುವ ಬೀಟಲ್‌ಗಳಲ್ಲಿ ಹೆಚ್ಚಿನವು ತಗಡಿನ ಕೆಲಸದಲ್ಲಿ ಸೋತವು. ಆದ್ದರಿಂದ ಕ್ರಮ ಇದು: ಮೊದಲು ತಳದ ಕಬ್ಬಿಣ, ಆಮೇಲೆ ಬ್ರೇಕು, ನಂತರ ಎಂಜಿನ್, ಕೊನೆಗೆ ಹೊಳಪು.

ಈ ಕಾರನ್ನು ಆರಿಸಿಕೊಳ್ಳಲು ಒಂದು ಒಳ್ಳೆಯ ಕಾರಣವಿದೆ. 2003ರ ಜುಲೈ 30ರಂದು ಮೆಕ್ಸಿಕೋದ ಪ್ವೆಬ್ಲಾ ಕಾರ್ಖಾನೆಯಲ್ಲಿ ಕೊನೆಯದು ಹೊರಬರುವ ಹೊತ್ತಿಗೆ ಇಂಥ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರುಗಳು ತಯಾರಾಗಿದ್ದವು. ಹಾಗಾಗಿ ನೆಲದ ತಗಡಿನಿಂದ ಪಿಸ್ಟನ್‌ವರೆಗೆ ಎಲ್ಲವೂ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ನಮ್ಮಲ್ಲಿ ವಿಶೇಷ ಭಾಗಗಳನ್ನು ಹೊರದೇಶದಿಂದ ತರಿಸಬೇಕು. ಆದರೆ ನಟ್ಟು ಬೋಲ್ಟು, ಬೇರಿಂಗ್, ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರು, ಬೀಡಿಂಗ್ ಇವಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ ಸಾಕು.

ಇಲ್ಲಿ ಕೊಟ್ಟಿರುವ ಅಳತೆಗಳು 1966ರಿಂದ 1973ರವರೆಗಿನ 1300, 1500, 1600 ಸಿಸಿ ಎಂಜಿನ್‌ಗಳ ಮಾದರಿಗಳಿಗೆ. ಅದಕ್ಕೂ ಹಿಂದಿನ 1200ರಲ್ಲಿ ವಾಲ್ವ್ ಅಂತರ (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಸಂದು), ಟೈಮಿಂಗ್ (ಕಿಡಿ ಹಾರುವ ಹೊತ್ತು) ಬೇರೆ ಇರುತ್ತವೆ. ಆ ಎಂಜಿನ್ ಇದ್ದರೆ ಅದರ ಕೈಪಿಡಿಯನ್ನೇ ನಂಬಿ.

ಕೊಳ್ಳುವ ಮೊದಲು

ಮೊದಲು ಕಾಗದ, ಆಮೇಲೆ ಕಾರು. ಹಿಂದಿನ ಸೀಟು ಎತ್ತಿದರೆ ಟನಲ್ ಮೇಲೆ, ಅಂದರೆ ನೆಲದ ನಡುವೆ ಉದ್ದಕ್ಕೂ ಹಾಯುವ ಪೊಳ್ಳು ಉಬ್ಬಿನ ಮೇಲೆ, ಚಾಸಿ ಸಂಖ್ಯೆ ಕೊರೆದಿರುತ್ತದೆ. ಎಂಜಿನ್ ಸಂಖ್ಯೆ ಡೈನಮೋ ಕೂತಿರುವ ಕಂಬದ ಕೆಳಗೆ, ಎಂಜಿನ್ ಕೇಸಿನ ಮೇಲಿದೆ. ಎರಡನ್ನೂ ಆರ್‌ಸಿ ಜೊತೆ ತಾಳೆ ನೋಡಿ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ ಮತ್ತು ಎಂಜಿನ್ನನ್ನು ದೊಡ್ಡದಾಗಿ ಬದಲಿಸದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಹೀಗೆ ನೋಂದಾಯಿಸಿದ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಟನಲ್ ತುಕ್ಕು ತಿಕ್ಕುವ ಭರದಲ್ಲಿ ಚಾಸಿ ಸಂಖ್ಯೆಯ ಮೇಲೆ ಗ್ರೈಂಡರ್ ಆಡಿಸಿದರೆ ಆಮೇಲೆ ಆರ್‌ಟಿಒ ಮುಂದೆ ಹೇಳಲು ಉತ್ತರವಿರುವುದಿಲ್ಲ. ಆ ಜಾಗಕ್ಕೆ ಮೊದಲ ದಿನವೇ ಗ್ರೀಸ್ ಬಳಿದು ಟೇಪ್ ಅಂಟಿಸಿಬಿಡಿ.

ಇನ್ನು ತುಕ್ಕು. ಒಂದು ಅಯಸ್ಕಾಂತ, ಒಂದು ಹಳೆಯ ಸ್ಕ್ರೂಡ್ರೈವರ್, ಒಂದು ಟಾರ್ಚು ಹಿಡಿದು ಈ ಜಾಗಗಳನ್ನು ಚುಚ್ಚಿ ನೋಡಿ.

ಬಾಗಿಲ ಕೆಳಗಿನ ಉದ್ದನೆಯ ಹೀಟರ್ ಚಾನಲ್‌ಗಳು ಎಲ್ಲಕ್ಕಿಂತ ಮುಖ್ಯ. ಹೆಸರು ಹೀಟರ್ ಎಂದಿದ್ದರೂ ಬಾಡಿಯ ಬೆನ್ನೆಲುಬು ಅವೇ. ಎಂಜಿನ್ನಿನ ಬಿಸಿಗಾಳಿ ಅವುಗಳೊಳಗಿಂದ ಮುಂದಕ್ಕೆ ಬರುತ್ತದೆ, ಬಾಡಿಯನ್ನು ತಳಕ್ಕೆ ಬಿಗಿಯುವ ಬೋಲ್ಟುಗಳೂ ಅವುಗಳ ಮೂಲಕವೇ ಹೋಗುತ್ತವೆ. ಒಳಗೆ ತೇವ ನಿಂತು ಒಳಗಿನಿಂದಲೇ ಕೊಳೆಯುವುದರಿಂದ ಹೊರಗಿನ ಬಣ್ಣ ಹೊಳೆಯುತ್ತಿದ್ದರೂ ನಂಬಬೇಡಿ. ಜಾಕಿ ಹಾಕಿ ಒಂದು ಬದಿ ಎತ್ತಿ, ಬಾಗಿಲು ತೆಗೆದು ಮುಚ್ಚಿ. ನೆಲದ ಮೇಲಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಎತ್ತಿದಾಗ ಸಿಕ್ಕಿಕೊಂಡರೆ ಚಾನಲ್ ಸತ್ತಿದೆ.

ಆಮೇಲೆ ಹಿಂದಿನ ಸೀಟಿನ ಬಲಭಾಗದ ಕೆಳಗೆ, ಬ್ಯಾಟರಿ ಕೂರುವ ಜಾಗ. ಅಲ್ಲಿ ಆಸಿಡ್ ಚೆಲ್ಲಿ ನೆಲ ಜಾಳಿಗೆಯಾಗದ ಹಳೆಯ ಬೀಟಲ್ ಅಪರೂಪ. ಮುಂದೆ ಪೆಟ್ರೋಲ್ ಟ್ಯಾಂಕಿನ ಕೆಳಗೆ ಟನಲ್ ಕವಲೊಡೆಯುವ ಫ್ರೇಮ್ ಹೆಡ್, ಅದರ ಮೇಲೆ ಕೂರುವ, ನೆಪೋಲಿಯನ್ ಟೋಪಿ ಎಂದು ಕರೆಯುವ ಅಡ್ಡಪಟ್ಟಿ, ಸ್ಟೆಪ್ನಿ ಗುಂಡಿ, ಬಾಗಿಲ ಕಂಬಗಳ ಬುಡ, ಹಿಂದಿನ ಬಂಪರ್ ಹಿಡಿಯುವ ಜಾಗ, ಮಡ್‌ಗಾರ್ಡ್ ಬೋಲ್ಟುಗಳ ಸುತ್ತ. ಅಯಸ್ಕಾಂತ ಅಂಟದ ಕಡೆ ಒಳಗಿರುವುದು ಪುಟ್ಟಿ. ನೆಲದ ತಗಡು ಹೋಗಿದ್ದರೆ ಹೆದರಬೇಕಿಲ್ಲ, ಅದು ಹೊಸದು ಸಿಗುತ್ತದೆ. ಫ್ರೇಮ್ ಹೆಡ್, ಎರಡೂ ಚಾನಲ್, ಕಂಬಗಳ ಬುಡ ಮೂರೂ ಹೋಗಿದ್ದರೆ ಮೊದಲ ಬಾರಿಗೆ ಕೈಹಾಕುವವರು ಬೇರೆ ಕಾರು ಹುಡುಕುವುದು ಒಳ್ಳೆಯದು. ಕಾರವಾರ, ಮಂಗಳೂರು ಕಡೆ ಮಳೆಗಾಲ ಕಳೆದ ಕಾರಿಗಿಂತ ಬಯಲುಸೀಮೆಯಲ್ಲಿ ಒಣಗಿ ನಿಂತ, ಎಂಜಿನ್ ಜಾಮ್ ಆದ ಕಾರೇ ಮೇಲು.

ಎಂಜಿನ್ ನೋಡಲು ಒಂದೇ ನಿಮಿಷ ಸಾಕು. ಹಿಂದಿನ ಕ್ರ್ಯಾಂಕ್ ಪುಲ್ಲಿಯನ್ನು (ಫ್ಯಾನ್ ಬೆಲ್ಟು ಸುತ್ತುವ ಕೆಳಗಿನ ಗಾಲಿ) ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ಎಳೆದು ತಳ್ಳಿ. ಸರಿಯಾದ ಎಂಜಿನ್ನಿನಲ್ಲಿ ಆ ಆಟ 0.07ರಿಂದ 0.13 ಮಿ.ಮೀ., ಅಂದರೆ ಕೈಗೆ ಗೊತ್ತಾಗುವುದೇ ಕಷ್ಟ. ‘ಟಕ್ ಟಕ್’ ಎಂದು ಕೇಳಿಸಿದರೆ ಕೇಸು ಬಿಡಿಸುವ ಕೆಲಸವಿದೆ ಎಂದೇ ಲೆಕ್ಕ ಹಾಕಿ ಬೆಲೆ ಮಾತಾಡಿ.

ಬಿಚ್ಚುವುದು

ಬ್ಯಾಟರಿ ಹೊರಗೆ. ಟ್ಯಾಂಕಿನ ಪೆಟ್ರೋಲು ಹೊರಗೆ, ಟ್ಯಾಂಕೂ ಹೊರಗೆ. ಇದಾಗದೆ ಮುಂದಿನ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಪೆಟ್ರೋಲಿನ ಲೋಹದ ಕೊಳವೆ ಟನಲ್ ಒಳಗಿಂದಲೇ ಹಾದುಹೋಗುತ್ತದೆ. ಟ್ಯಾಂಕ್ ತೆಗೆದರೂ ಆ ಕೊಳವೆಯಲ್ಲಿ ಪೆಟ್ರೋಲು ಉಳಿದಿರುತ್ತದೆ. ಎರಡೂ ತುದಿ ಬಿಚ್ಚಿ ಗಾಳಿ ಊದಿ ಖಾಲಿ ಮಾಡದೆ ಟನಲ್ ಹತ್ತಿರ ವೆಲ್ಡಿಂಗ್ ಮಾಡುವುದು ಪ್ರಾಣಕ್ಕೆ ಅಪಾಯ.

ತುಕ್ಕು ಹಿಡಿದ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆಯನ್ನು ಮೂರು ದಿನ ಬೆಳಿಗ್ಗೆ ಸಂಜೆ ಬಿಡಿ. ಮೊದಲು ಸ್ವಲ್ಪ ಬಿಗಿಯುವ ಕಡೆಗೆ ಅಲುಗಿಸಿ, ಆಮೇಲೆ ಬಿಚ್ಚಿ. ಬಾಗಿಲ ಕೀಲಿನ ದಪ್ಪ ತಿರುಪುಗಳು ಸಾಮಾನ್ಯ ಸ್ಕ್ರೂಡ್ರೈವರಿಗೆ ಬಗ್ಗುವುದಿಲ್ಲ, ತಲೆ ಸವೆದುಹೋಗುತ್ತದೆ. ಅವಕ್ಕೆ ಸುತ್ತಿಗೆಯಿಂದ ಹೊಡೆದು ತಿರುಗಿಸುವ ಇಂಪ್ಯಾಕ್ಟ್ ಡ್ರೈವರೇ ಬೇಕು. ಪ್ರತಿ ಭಾಗ ಬಿಚ್ಚುವ ಮೊದಲು ಫೋಟೊ, ಬಿಚ್ಚಿದ ಮೇಲೆ ಅದರ ಬೋಲ್ಟುಗಳೆಲ್ಲ ಒಂದೇ ಚೀಲಕ್ಕೆ, ಚೀಲದೊಳಗೆ ಹೆಸರಿನ ಚೀಟಿ. ಹಳೆಯ ರಬ್ಬರು, ಮುರಿದ ಕ್ಲಿಪ್ಪು ಯಾವುದನ್ನೂ ಕೆಲಸ ಮುಗಿಯುವವರೆಗೆ ಗುಜರಿಗೆ ಹಾಕಬೇಡಿ. ಹೊಸದನ್ನು ತರಿಸುವಾಗ ಅಳತೆಗೆ ಅದೇ ಆಧಾರ.

ಎಂಜಿನ್ ಇಳಿಸಲು ಆಕ್ಸಿಲರೇಟರ್ ಕೇಬಲ್, ಎರಡು ಹೀಟರ್ ಕೇಬಲ್, ಹೀಟರ್ ಪೈಪು, ಪೆಟ್ರೋಲ್ ಪೈಪು, ಡೈನಮೋ, ಕಾಯಿಲ್ ಮತ್ತು ಆಯಿಲ್ ಸ್ವಿಚ್ಚಿನ ವೈರು, ಹಿಂದಿನ ಅಡ್ಡ ತಗಡು ಇವನ್ನು ಬಿಡಿಸಿ. ಎಂಜಿನ್ನನ್ನು ಗೇರ್‌ಬಾಕ್ಸಿಗೆ ಹಿಡಿದಿರುವುದು 17ರ ಸ್ಪ್ಯಾನರಿನ ನಾಲ್ಕೇ ಬಿಗಿತ: ಮೇಲೆ ಎರಡು, ಕೆಳಗೆ ಎರಡು. ಕೆಳಗೆ ಟ್ರಾಲಿ ಜಾಕಿ ಕೊಟ್ಟು ಭಾರ ಹೊರಿಸಿಕೊಂಡ ಮೇಲೆ ಎಂಜಿನ್ನನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ಗೇರ್‌ಬಾಕ್ಸಿನ ಶಾಫ್ಟ್ ಕ್ಲಚ್ಚಿನಿಂದ ಪೂರ್ತಿ ಹೊರಬರುವ ಮೊದಲೇ ಕೆಳಗಿಳಿಸಿದರೆ ಕ್ಲಚ್ ಪ್ಲೇಟು ಬಾಗುತ್ತದೆ. ಸುಮಾರು 110 ಕಿಲೋ ಭಾರವಿದೆ, ಇಬ್ಬರಿಲ್ಲದೆ ಕೈಹಾಕಬೇಡಿ.

ತಳ ಮತ್ತು ಹೀಟರ್ ಚಾನಲ್

ಇಡೀ ಕೆಲಸದ ತಿರುಳು ಇದು. ಬೀಟಲ್ ಬಾಡಿ ತಳದ ಮೇಲೆ ಟೋಪಿಯಂತೆ ಕೂರುತ್ತದೆ. ಬೋಲ್ಟುಗಳನ್ನು ಬಿಚ್ಚಿದರೆ ಆರು ಜನ ಎತ್ತಿ ಪಕ್ಕಕ್ಕಿಡಬಹುದು. ಆದರೆ ಬಿಚ್ಚುವ ಮೊದಲು ಬಾಡಿಗೆ ಆಸರೆ ಕಟ್ಟಲೇಬೇಕು. 25 ಮಿ.ಮೀ.ನ ಚೌಕ ಪೈಪನ್ನು ಎರಡೂ ಬಾಗಿಲ ಬಾಯಿಗೆ ಅಡ್ಡಲಾಗಿ, ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ, ಒಂದು ನೇರ ಒಂದು ಓರೆಯಾಗಿ ವೆಲ್ಡ್ ಮಾಡಿ. ಎಡ ಕಂಬದಿಂದ ಬಲ ಕಂಬಕ್ಕೂ ಒಂದು ಕೊಡಿ. ಅದಕ್ಕೂ ಮುಂಚೆ ಬಾಗಿಲ ಸುತ್ತಲಿನ ಸಂದನ್ನು ಎಂಟು ಕಡೆ ಅಳೆದು ಬರೆದಿಡಿ. ಈ ಆಸರೆ ಇಲ್ಲದೆ ಚಾನಲ್ ಕತ್ತರಿಸಿದರೆ ಬಾಡಿ ನಡುವಿನಲ್ಲಿ ಕುಸಿಯುತ್ತದೆ. ಕುಸಿದದ್ದು ಕಣ್ಣಿಗೆ ಕಾಣುವುದಿಲ್ಲ. ತಿಂಗಳಾದ ಮೇಲೆ, ಬಣ್ಣವೂ ಮುಗಿದ ಮೇಲೆ, ಬಾಗಿಲು ಹಾಕಲು ಹೋದಾಗ ಅರ್ಧ ಇಂಚು ತಪ್ಪಿರುತ್ತದೆ.

ಬಾಡಿಯ ಬೋಲ್ಟುಗಳು ಚಾನಲ್ ಉದ್ದಕ್ಕೂ ಕೆಳಗಿನಿಂದ, ಮುಂದೆ ಫ್ರೇಮ್ ಹೆಡ್ ಹತ್ತಿರ, ಹಿಂದಿನ ಸೀಟಿನ ಕೆಳಗೆ ಮತ್ತು ಹಿಂದಿನ ಶಾಕ್ ಅಬ್ಸಾರ್ಬರ್ ಮೇಲೆ ಇರುತ್ತವೆ. ಒಂದನ್ನೇ ಮರೆತು ಎತ್ತಿದರೂ ಬಾಡಿ ತಿರುಚಿಕೊಳ್ಳುತ್ತದೆ. ಸ್ಟಿಯರಿಂಗ್ ಜೋಡಣೆ, ಬ್ರೇಕ್ ಆಯಿಲ್ ಡಬ್ಬಿಯ ಪೈಪು, ಸ್ಪೀಡೋಮೀಟರ್ ಕೇಬಲ್, ಮುಖ್ಯ ವೈರುಗಳನ್ನೂ ನೆನಪಿಟ್ಟು ಬಿಡಿಸಿ.

ಮೊದಲು ತಳ. ನೆಲದ ಹಳೆಯ ತಗಡನ್ನು ಟನಲ್ ಅಂಚಿನಿಂದ ಒಂದಿಂಚು ಬಿಟ್ಟು ಕತ್ತರಿಸಿ ತೆಗೆಯಿರಿ. ಉಳಿದ ಪಟ್ಟಿಯಲ್ಲಿ ಕಾಣುವ ಸ್ಪಾಟ್ ವೆಲ್ಡ್‌ಗಳನ್ನು 8 ಮಿ.ಮೀ. ಕಟರಿನಿಂದ ಒಂದೊಂದಾಗಿ ಬಿಡಿಸಿ. ಟನಲ್ ಒಳಗೆ ಪೆಟ್ರೋಲ್ ಕೊಳವೆಯ ಜೊತೆ ಕ್ಲಚ್, ಆಕ್ಸಿಲರೇಟರ್, ಹೀಟರ್, ಹ್ಯಾಂಡ್‌ಬ್ರೇಕ್ ಕೇಬಲ್‌ಗಳ ಕೊಳವೆಗಳಿವೆ. ಆದ್ದರಿಂದ ಟನಲ್ ಗೋಡೆಗೆ ಗ್ರೈಂಡರ್ ಆಳವಾಗಿ ಇಳಿಯಬಾರದು. ಎಡ ಬಲ ಎರಡನ್ನೂ ಒಟ್ಟಿಗೆ ತೆಗೆಯಬೇಡಿ. ಒಂದು ಬದಿ ಹಾಕಿ ಮುಗಿಸಿದ ಮೇಲೆ ಇನ್ನೊಂದು. ಸೀಟಿನ ಹಳಿಗಳ ಜಾಗವನ್ನು ಟನಲ್ ಮೇಲಿನ ಯಾವುದಾದರೂ ಕದಲದ ಗುರುತಿನಿಂದ ಅಳೆದಿಟ್ಟುಕೊಂಡು ಹೊಸ ತಗಡಿನಲ್ಲಿ ತಾಳೆ ನೋಡಿ. ಅಗ್ಗದ ತಗಡುಗಳಲ್ಲಿ ಹಳಿ ಕೆಲವೊಮ್ಮೆ ಓರೆಯಾಗಿರುತ್ತದೆ.

ತಗಡಿನ ದಪ್ಪದ ವಿಷಯ: ನೆಲಕ್ಕೆ 18 ಗೇಜ್, ಅಂದರೆ 1.2 ಮಿ.ಮೀ. ಬಾಡಿಯ ತೇಪೆಗಳಿಗೆ 20 ಗೇಜ್, 0.9 ಮಿ.ಮೀ. ಫ್ರೇಮ್ ಹೆಡ್‌ಗೆ 2 ಮಿ.ಮೀ. ನೀರಿನ ಟ್ಯಾಂಕು ಮಾಡುವ ಸತುವಿನ ಲೇಪದ ತಗಡನ್ನು ಬಳಸಬೇಡಿ. ಬೆಸುಗೆ ಸರಿಯಾಗಿ ಕೂರುವುದಿಲ್ಲ, ಅದರ ಹೊಗೆ ಜ್ವರ ತರಿಸುತ್ತದೆ.

ಮಾಮೂಲಿ ಕಡ್ಡಿ ವೆಲ್ಡಿಂಗ್ ಈ ತಗಡಿಗೆ ಬೇಡ, ತೂತಾಗುತ್ತದೆ. 0.6 ಅಥವಾ 0.8 ಮಿ.ಮೀ. ತಂತಿಯ ಮಿಗ್ ವೆಲ್ಡಿಂಗ್, ಆರ್ಗಾನ್ ಮತ್ತು ಕಾರ್ಬನ್ ಡೈಆಕ್ಸೈಡ್ ಬೆರೆತ ಗ್ಯಾಸ್ ಸೂಕ್ತ. ಹೊಸ ತಗಡಿನ ಅಂಚಿನಲ್ಲಿ ಎರಡರಿಂದ ಮೂರು ಸೆಂ.ಮೀ.ಗೆ ಒಂದರಂತೆ 8 ಮಿ.ಮೀ. ತೂತು ಕೊರೆದು, ಕೆಳಗಿನ ತಗಡಿಗೆ ಒತ್ತಿ ಹಿಡಿದು, ತೂತನ್ನು ತುಂಬಿಸಿ. ಎರಡು ತಗಡು ಮುಖಾಮುಖಿಯಾಗುವ ಕಡೆ ಮೊದಲೇ ವೆಲ್ಡಿಂಗ್ ಬಿಸಿಯನ್ನು ತಾಳುವ ಸತುವಿನ ಪ್ರೈಮರ್ ಹೊಡೆದಿರಬೇಕು, ಏಕೆಂದರೆ ಮುಚ್ಚಿದ ಮೇಲೆ ಆ ಜಾಗಕ್ಕೆ ಯಾವ ಬ್ರಷ್ಷೂ ತಲುಪುವುದಿಲ್ಲ. ಸಾಲಾಗಿ ಒಂದೇ ಕಡೆಯಿಂದ ಹಾಕಿಕೊಂಡು ಹೋದರೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು, ಒಂದು ಅಡಿ ದೂರ ಇನ್ನೊಂದು, ಹೀಗೆ ಹಾರಿಸಿ ಹಾಕಿ ತಣಿಯಲು ಬಿಡಿ.

ತಳ ಗಟ್ಟಿಯಾದ ಮೇಲೆ ಬಾಡಿಯನ್ನು ಮತ್ತೆ ಅದರ ಮೇಲಿಳಿಸಿ. ಈಗ ಚಾನಲ್ ಸರದಿ. ಹೊಸ ಚಾನಲ್ ಎಲ್ಲಿ ಕೂರಬೇಕೆಂದು ತೋರಿಸುವುದು ತಳದ ಬೋಲ್ಟು ತೂತುಗಳು, ಹಳೆಯ ಬಾಡಿ ಅಲ್ಲ. ಒಂದು ಬದಿಯ ಹಳೆಯ ಚಾನಲ್ ಬಿಡಿಸಿ, ಹೊಸದನ್ನು ತಳದ ಮೇಲಿಟ್ಟು ಬೋಲ್ಟು ಹಾಕಿ ಬಿಗಿದು, ಆಮೇಲೆ ಕಂಬಗಳ ಬುಡವನ್ನು ಅದಕ್ಕೆ ಸೇರಿಸಬೇಕು. ತಳ ಮತ್ತು ಬಾಡಿಯ ನಡುವೆ ಬರುವ ರಬ್ಬರ್ ಪಟ್ಟಿಯನ್ನು, ಅಥವಾ ಅಷ್ಟೇ ದಪ್ಪದ ತುಂಡುಗಳನ್ನು ಈಗಲೇ ಇಟ್ಟಿರಬೇಕು. ಇಲ್ಲದಿದ್ದರೆ ಕೊನೆಯಲ್ಲಿ ರಬ್ಬರ್ ಹಾಕಿದಾಗ ಎತ್ತರ ಬದಲಾಗುತ್ತದೆ. ಮೊದಲು ನಾಲ್ಕು ಕಡೆ ಬರೀ ಚುಕ್ಕೆ ಬೆಸುಗೆ ಹಾಕಿ, ಬಾಗಿಲು ನೇತುಹಾಕಿ, ಬರೆದಿಟ್ಟ ಸಂದಿನ ಅಳತೆ ನೋಡಿ. ಸರಿಯಿಲ್ಲದಿದ್ದರೆ ಚುಕ್ಕೆ ಕತ್ತರಿಸಿ ಮತ್ತೆ ಕೂರಿಸಿ. ಮೂರು ಸಲ ಕತ್ತರಿಸಬೇಕಾಗಿ ಬಂದರೂ ಬೇಸರಿಸಬೇಡಿ. ಪೂರ್ತಿ ಬೆಸೆದ ಮೇಲೆ ಈ ಅವಕಾಶ ಇರುವುದಿಲ್ಲ. ಬಾಗಿಲು ಒಂದೇ ಬೆರಳಿಗೆ ಮುಚ್ಚಿದಾಗ ಆ ಬದಿ ಮುಗಿಯಿತು, ಇನ್ನೊಂದು ಬದಿಗೆ ಹೋಗಿ. ಎರಡೂ ಬದಿ ಮುಗಿಯುವವರೆಗೆ ಆಸರೆ ಪೈಪು ಬಿಚ್ಚುವಂತಿಲ್ಲ.

ತುಕ್ಕು ತೆಗೆದ ಮೇಲೆ ಅದು ಮರಳದಂತೆ

ಬದಲಿಸಬೇಕಿಲ್ಲದ ಕಡೆ ವೈರ್ ಬ್ರಷ್, ಫ್ಲ್ಯಾಪ್ ಡಿಸ್ಕ್ ಸಾಕು. ತಳ, ಆಕ್ಸಲ್ ಭಾಗಗಳಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಒಳ್ಳೆಯದು. ಬಾನೆಟ್, ಬಾಗಿಲು, ಮಾಡು ಇಂಥ ಅಗಲ ತಗಡಿಗೆ ಮಾಡಿಸಿದರೆ ಬಿಸಿ ಮತ್ತು ಹೊಡೆತಕ್ಕೆ ಅಲೆಯಲೆಯಾಗಿ ಬಾಗುತ್ತದೆ. ಚಿಕ್ಕ ಕಬ್ಬಿಣದ ಭಾಗಗಳಿಗೆ ಮನೆಯಲ್ಲೇ ವಿದ್ಯುತ್ ತೊಟ್ಟಿ ಮಾಡಬಹುದು: ಪ್ಲಾಸ್ಟಿಕ್ ಬಕೆಟ್ಟು, 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟಿನ ಬ್ಯಾಟರಿ ಚಾರ್ಜರ್. ನೆಗೆಟಿವ್ ತಂತಿ ತುಕ್ಕು ಹಿಡಿದ ಭಾಗಕ್ಕೆ, ಪಾಸಿಟಿವ್ ಯಾವುದಾದರೂ ಗುಜರಿ ಕಬ್ಬಿಣಕ್ಕೆ, ಎರಡೂ ಒಂದಕ್ಕೊಂದು ತಗುಲಬಾರದು. ಪಾಸಿಟಿವ್ ಕಡೆಗೆ ಸ್ಟೀಲ್ ಪಾತ್ರೆಯ ತುಂಡು ಹಾಕಬೇಡಿ, ನೀರಿಗೆ ವಿಷಕಾರಿ ಕ್ರೋಮಿಯಂ ಸೇರುತ್ತದೆ. ಹೊರಬರುವ ಗುಳ್ಳೆ ಹೈಡ್ರೋಜನ್, ಆದ್ದರಿಂದ ಬಯಲಲ್ಲೇ ಇಡಿ. ಸ್ಪ್ರಿಂಗುಗಳನ್ನು ಇದರಲ್ಲಿ ಮುಳುಗಿಸಬೇಡಿ, ಹೈಡ್ರೋಜನ್ ಹೀರಿದ ಗಟ್ಟಿ ಉಕ್ಕು ಬಿರುಸಾಗಿ ಮುರಿಯುತ್ತದೆ.

ಕಕ್ಕಸು ತೊಳೆಯುವ ಆಸಿಡ್ಡಿನಿಂದ ತುಕ್ಕು ಬೇಗ ಹೋಗುತ್ತದೆಂದು ಹಚ್ಚುವವರಿದ್ದಾರೆ. ಅದು ಸಂದುಗಳೊಳಗೆ ಇಳಿದು ಅಲ್ಲೇ ಉಳಿದು, ಬಣ್ಣದ ಕೆಳಗಿನಿಂದ ವರ್ಷದೊಳಗೆ ತುಕ್ಕನ್ನು ಮರಳಿ ತರುತ್ತದೆ.

ಬೆತ್ತಲೆ ಕಬ್ಬಿಣಕ್ಕೆ ಅದೇ ದಿನ ಎಪಾಕ್ಸಿ ಪ್ರೈಮರ್ ಬೀಳಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ರಾತ್ರಿ ಕಳೆಯುವುದರೊಳಗೆ ಕೆಂಪು ಪುಡಿ ಕೂತಿರುತ್ತದೆ. ಪುಟ್ಟಿ ಹಾಕುವುದಿದ್ದರೆ ಎಪಾಕ್ಸಿಯ ಮೇಲೆ ಹಾಕಿ, ಕೆಳಗೆ ಅಲ್ಲ. ಪುಟ್ಟಿ ತೇವ ಹೀರುವ ವಸ್ತು, ಬರಿ ಕಬ್ಬಿಣದ ಮೇಲಿದ್ದರೆ ಆ ತೇವವನ್ನು ನೇರ ಅದಕ್ಕೇ ಕುಡಿಸುತ್ತದೆ. ದಪ್ಪ 3 ಮಿ.ಮೀ. ಮೀರಬಾರದು. ಅದಕ್ಕಿಂತ ಆಳದ ತಗ್ಗನ್ನು ಟಿಂಕರಿಂಗ್ ಮಾಡಿ ಎತ್ತಿಸಬೇಕು. ಎಲ್ಲ ಸಂದುಗಳಿಗೆ ಸೀಮ್ ಸೀಲರ್. ಬಣ್ಣ ಒಣಗಿದ ಮೇಲೆ ಬಾಗಿಲು, ಕಂಬ, ಚಾನಲ್‌ಗಳ ಪೊಳ್ಳಿನೊಳಗೆ ಉದ್ದ ನಳಿಕೆಯಿಂದ ತುಕ್ಕು ತಡೆಯುವ ಮೇಣ. ಚಾನಲ್‌ನಲ್ಲಿ ಬಿಸಿಗಾಳಿ ಹರಿಯುವ ಒಳ ಕೊಳವೆಗೆ ಮಾತ್ರ ಮೇಣ ಸೇರಬಾರದು, ಹೀಟರ್ ಹಾಕಿದಾಗಲೆಲ್ಲ ಅದರ ಹೊಗೆ ಕಾರಿನೊಳಗೆ ಬರುತ್ತದೆ. ಬಾಗಿಲ ತಳದಲ್ಲಿರುವ ನೀರು ಹರಿಯುವ ತೂತುಗಳನ್ನು ಸೀಲರ್ ಮುಚ್ಚಿಲ್ಲವೇ ಎಂದು ಕಡ್ಡಿ ಹಾಕಿ ನೋಡಿ.

ಮೇಲಿನ ಬಣ್ಣವನ್ನು ಒಳ್ಳೆಯ ಬೂತ್ ಇರುವ ಕಡೆ ಕೊಟ್ಟು ಮಾಡಿಸಿ. ಎರಡು ಡಬ್ಬಿ ಬೆರೆಸುವ ಪಿಯು (ಪಾಲಿಯುರೆಥೇನ್) ಬಣ್ಣದ ಮಂಜಿನಲ್ಲಿ ಶ್ವಾಸಕೋಶಕ್ಕೆ ವಿಷವಾದ ಐಸೊಸಯನೇಟ್ ಇರುತ್ತದೆ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವಿಲ್ಲದೆ ಅದನ್ನು ಮನೆಯಲ್ಲಿ ಹೊಡೆಯಬಾರದು. ನಾಲ್ಕೂ ಮಡ್‌ಗಾರ್ಡ್ ಬಿಚ್ಚಿ ಬೇರೆಯಾಗಿ ಬಣ್ಣ ಹೊಡೆಸಿ, ಬೀಡಿಂಗ್ ಇಟ್ಟು ಬೋಲ್ಟಿಗೆ ಗ್ರೀಸ್ ಹಚ್ಚಿ ಕೂರಿಸಿ.

ಬ್ರೇಕು ಮತ್ತು ಚಕ್ರ

ವರ್ಷಗಟ್ಟಲೆ ನಿಂತ ಕಾರಿನ ಬ್ರೇಕಿನಲ್ಲಿ ಹಳೆಯದನ್ನು ಉಳಿಸುವ ಮಾತೇ ಬೇಡ. ಮಾಸ್ಟರ್ ಸಿಲಿಂಡರ್, ನಾಲ್ಕು ವೀಲ್ ಸಿಲಿಂಡರ್, ರಬ್ಬರ್ ಹೋಸುಗಳು, 4.75 ಮಿ.ಮೀ. ಲೋಹದ ಪೈಪುಗಳು ಎಲ್ಲ ಹೊಸದು. ಹೋಸು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು, ಒತ್ತಿದಾಗ ಆಯಿಲ್ ಬಿಟ್ಟು ಕಾಲು ತೆಗೆದಾಗ ವಾಪಸ್ ಬಿಡುವುದಿಲ್ಲ. ಒಂದು ಚಕ್ರ ಹಿಡಿದುಕೊಂಡೇ ಇರುವುದಕ್ಕೆ ಬಹುಪಾಲು ಇದೇ ಕಾರಣ. ಪೆಡಲ್ ಕಡ್ಡಿ ಮತ್ತು ಮಾಸ್ಟರ್ ಸಿಲಿಂಡರ್ ಪಿಸ್ಟನ್ ನಡುವೆ 1 ಮಿ.ಮೀ. ಬಿಡುವಿರಬೇಕು. ಅದಿಲ್ಲದಿದ್ದರೆ ಬಿಸಿಯಾದಂತೆ ನಾಲ್ಕೂ ಬ್ರೇಕು ತಾವೇ ಕಚ್ಚಿಕೊಳ್ಳುತ್ತವೆ. ಗಾಳಿ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ. ಕೈಪಿಡಿಗಳು ಎಡ ಸ್ಟಿಯರಿಂಗ್ ಕಾರಿಗೆ ಬರೆದವಾದ್ದರಿಂದ ಹಿಂದಿನ ಬಲ ಎನ್ನುತ್ತವೆ. ನಮ್ಮ ಬಲ ಸ್ಟಿಯರಿಂಗ್ ಕಾರಿನಲ್ಲಿ ಹಿಂದಿನ ಎಡದಿಂದ ಶುರು ಮಾಡಿ.

ಹಿಂದಿನ ಡ್ರಮ್ ಹಿಡಿಯುವ 36 ಮಿ.ಮೀ. ನಟ್ಟಿಗೆ ಸುಮಾರು 300 ನ್ಯೂಟನ್ ಮೀಟರ್ ಬಿಗಿತ ಬೇಕು. ಅಂದಾಜಿಗೆ ಬಿಗಿದರೆ ಡ್ರಮ್ಮಿನ ಹಲ್ಲು ಸವೆದು ಒಂದು ದಿನ ಆಕ್ಸಲ್ ಮಾತ್ರ ತಿರುಗುತ್ತದೆ, ಚಕ್ರ ತಿರುಗುವುದಿಲ್ಲ. ಪಿನ್ನಿನ ತೂತು ಹೊಂದದಿದ್ದರೆ ಇನ್ನೂ ಬಿಗಿದು ಹೊಂದಿಸಿ, ಸಡಿಲಿಸಿ ಅಲ್ಲ. 165/80 ಅಳತೆಯ 15 ಇಂಚಿನ ರೇಡಿಯಲ್ ಟೈರಿಗೆ ಗಾಳಿ ಮುಂದೆ 18, ಹಿಂದೆ 27 ಪೌಂಡು. ಪಂಚರ್ ಅಂಗಡಿಯವರು ನಾಲ್ಕಕ್ಕೂ 30 ತುಂಬಲು ಹೋಗುತ್ತಾರೆ, ತಡೆಯಿರಿ. ಎಂಜಿನ್ ಹಿಂದಿರುವ ಈ ಕಾರು ಮುಂದಿನ ಟೈರಿನಲ್ಲಿ ಗಾಳಿ ಜಾಸ್ತಿಯಾದರೆ ತಿರುವಿನಲ್ಲಿ ಹಿಂಭಾಗ ಬೀಸುತ್ತದೆ.

ಎಂಜಿನ್

ಕಂಪ್ರೆಷನ್ (ಸಿಲಿಂಡರಿನೊಳಗೆ ಏಳುವ ಒತ್ತಡ) ಗೇಜಿನಿಂದ ನೋಡಿ: ಪ್ಲಗ್ಗು ನಾಲ್ಕೂ ಹೊರಗೆ, ಆಕ್ಸಿಲರೇಟರ್ ಪೂರ್ತಿ ತೆರೆದು. 7ರಿಂದ 9 ಬಾರ್ ಬಂದರೆ ಒಳಗೆ ಕೈಹಾಕಬೇಡಿ. 5ಕ್ಕಿಂತ ಕೆಳಗಿದ್ದರೆ ಹೆಡ್ ಬಿಚ್ಚಬೇಕು. ಸಿಲಿಂಡರ್ ಬ್ಯಾರಲ್‌ಗಳು ಬಿಡಿ ಬಿಡಿಯಾಗಿ ಇರುವುದರಿಂದ ಪಿಸ್ಟನ್ ಸಮೇತ ಹೊಸ ಸೆಟ್ ಹಾಕುವುದು ಬೋರಿಂಗ್ ಮಾಡಿಸುವುದಕ್ಕಿಂತ ಸುಲಭ. ಪಿಸ್ಟನ್ ತಲೆಯ ಬಾಣದ ಗುರುತು ಫ್ಲೈವೀಲ್ (ಗೇರ್‌ಬಾಕ್ಸ್ ಬದಿಯ ಭಾರದ ಚಕ್ರ) ಕಡೆಗಿರಲಿ. ಹೆಡ್ಡಿನ ಸ್ಟಡ್ 10 ಮಿ.ಮೀ. ಇದ್ದರೆ 32, 8 ಮಿ.ಮೀ. ಇದ್ದರೆ 25 ನ್ಯೂಟನ್ ಮೀಟರ್. ಎಂಜಿನ್ ಕೇಸು ಮೆಗ್ನೀಸಿಯಂ ಮಿಶ್ರಲೋಹದ್ದು, ಹೆಚ್ಚು ಬಿಗಿದರೆ ಸ್ಟಡ್ ತನ್ನ ಮರೆಯೊಂದಿಗೆ (ತಿರುಪು ಕೂರುವ ಸುರುಳಿ ಗೆರೆ) ಕಿತ್ತು ಬರುತ್ತದೆ.

ಪುಶ್‌ರಾಡ್ (ವಾಲ್ವ್ ತೆರೆಯಲು ತಳ್ಳುವ ಕಡ್ಡಿ) ಕೊಳವೆಗಳಿಂದ ಆಯಿಲ್ ಸೋರುವುದು ಈ ಎಂಜಿನ್ನಿನ ಹಳೆಯ ರೋಗ. ಹೆಡ್ ಕೂರಿಸುವ ಮೊದಲು ಕೊಳವೆಯ ಎರಡೂ ತುದಿಯ ಮಡಿಕೆಗಳನ್ನು ಕೈಯಿಂದ ಎಳೆದು ಉದ್ದವನ್ನು 190ರಿಂದ 191 ಮಿ.ಮೀ.ಗೆ ತನ್ನಿ, ಆಗ ಸೀಲಿನ ಮೇಲೆ ಒತ್ತಡ ಬೀಳುತ್ತದೆ. ಬೆಸುಗೆಯ ಗೆರೆ ಮೇಲ್ಮುಖವಾಗಿರಲಿ.

ಈಗ ಗಾಳಿಯ ದಾರಿ. ಫ್ಯಾನ್ ಸುತ್ತಲಿನ, ಸಿಲಿಂಡರ್ ಕೆಳಗಿನ ತಗಡುಗಳಲ್ಲಿ ಒಂದೊಂದಕ್ಕೂ ಕೆಲಸವಿದೆ. ತಣ್ಣನೆ ಗಾಳಿ ಮೇಲಿನ ಕೋಣೆಯಿಂದ ಹೋಗಬೇಕು, ಬಿಸಿಗಾಳಿ ಕೆಳಗಿನಿಂದ ಹೊರಬೀಳಬೇಕು, ಎರಡೂ ಎಂದೂ ಬೆರೆಯಬಾರದು. ಕೋಣೆಯ ಅಂಚಿನ ರಬ್ಬರ್ ಪಟ್ಟಿ ಹರಿದಿದ್ದರೆ, ಒಂದು ತಗಡು ಬಿಟ್ಟುಹೋಗಿದ್ದರೆ, ಎಂಜಿನ್ ತಾನು ಬಿಟ್ಟ ಬಿಸಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹಳೆಯ ಎಂಜಿನ್‌ಗಳಲ್ಲಿ ಆಯಿಲ್ ಕೂಲರ್ ಫ್ಯಾನಿನ ತಗಡಿನೊಳಗೇ, ಮೂರನೇ ಸಿಲಿಂಡರಿನ ಗಾಳಿಗೆ ಅಡ್ಡವಾಗಿ ಕೂರುತ್ತದೆ. ಎಡಬದಿಯ ಮುಂದಿನ ಆ ಸಿಲಿಂಡರ್ ಎಲ್ಲಕ್ಕಿಂತ ಹೆಚ್ಚು ಕಾಯುತ್ತದೆ. ಥರ್ಮೋಸ್ಟಾಟ್ ಮತ್ತು ಅದರ ಮುಚ್ಚಳಗಳು ಬಿಸಿನಾಡಿಗೆ ಬೇಡವೆಂದು ಕಿತ್ತೆಸೆಯುವುದು ತಪ್ಪು. ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವುದರಲ್ಲೂ ಆ ಮುಚ್ಚಳಗಳ ಪಾತ್ರವಿದೆ.

ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಲ್ಲಿ ಒತ್ತಿದರೆ ಸುಮಾರು 15 ಮಿ.ಮೀ. ಬಗ್ಗಬೇಕು. ಬಿಗಿ ಮಾಡಲು ಪುಲ್ಲಿಯ ಎರಡು ಹೋಳುಗಳ ನಡುವಿನ ವಾಷರ್ ತೆಗೆಯಿರಿ, ಸಡಿಲಿಸಲು ಸೇರಿಸಿ. ತೆಗೆದದ್ದನ್ನು ಹೊರಗಿನ ನಟ್ಟಿನ ಕೆಳಗೇ ಇಡಿ. ಓಡಿಸುವಾಗ ಡೈನಮೋದ ಕೆಂಪು ದೀಪ ಹತ್ತಿದರೆ ಬೆಲ್ಟು ಹೋಗಿರಬಹುದು, ಅಂದರೆ ತಂಪು ಮಾಡುವ ಗಾಳಿಯೂ ನಿಂತಿದೆ. ಮುಂದಿನ ಊರು ಸೇರೋಣ ಎನ್ನದೆ ಅಲ್ಲೇ ನಿಲ್ಲಿಸಿ.

ವಾಲ್ವ್ ಅಂತರ 0.15 ಮಿ.ಮೀ., ಎಂಜಿನ್ ಪೂರ್ತಿ ತಣ್ಣಗಿರುವಾಗ. ಒಂದನೇ ಸಿಲಿಂಡರ್ ಬಲಬದಿಯ ಮುಂದಿನದು, ಎರಡು ಅದರ ಹಿಂದಿನದು, ಮೂರು ಎಡಬದಿಯ ಮುಂದಿನದು, ನಾಲ್ಕು ಹಿಂದಿನದು. ಕಿಡಿಯ ಕ್ರಮ 1-4-3-2. ಒಂದನ್ನು ಹೊಂದಿಸಿ ಪುಲ್ಲಿಯನ್ನು ಎಡಕ್ಕೆ ಅರ್ಧ ಸುತ್ತು ತಿರುಗಿಸಿದರೆ ಎರಡು, ಇನ್ನರ್ಧಕ್ಕೆ ಮೂರು, ಇನ್ನರ್ಧಕ್ಕೆ ನಾಲ್ಕು. ಮೂರನೆಯ ಎಕ್ಸಾಸ್ಟ್ ವಾಲ್ವಿನ ಅಂತರ ಪ್ರತಿ ಸಲವೂ ಕಡಿಮೆಯಾಗಿ ಸಿಕ್ಕುತ್ತಿದ್ದರೆ ವಾಲ್ವಿನ ಕಡ್ಡಿ ಹಿಗ್ಗುತ್ತಿದೆ ಅಥವಾ ಸೀಟು ಕುಸಿಯುತ್ತಿದೆ. ತಲೆ ಮುರಿದು ಪಿಸ್ಟನ್ನನ್ನು ಒಡೆಯುವ ಮೊದಲೇ ಹೆಡ್ ತೆಗೆಯಿಸಿ.

ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್ ಅಂತರ 0.4, ಪ್ಲಗ್ 0.7 ಮಿ.ಮೀ. ಟೈಮಿಂಗ್ ಹಲವು ಮಾದರಿಗಳಲ್ಲಿ ಪಿಸ್ಟನ್ ತುತ್ತತುದಿ ತಲುಪುವುದಕ್ಕೆ 7.5 ಡಿಗ್ರಿ ಮುಂಚೆ, ಆದರೆ ಕೆಲವು 1600ರಲ್ಲಿ ಬೇರೆ. ಎಂಜಿನ್ ಸಂಖ್ಯೆ ಮತ್ತು ಡಿಸ್ಟ್ರಿಬ್ಯೂಟರ್ ಸಂಖ್ಯೆ ನೋಡಿ ಖಚಿತಪಡಿಸಿಕೊಳ್ಳಿ. ಪುಲ್ಲಿ ಗುರುತನ್ನು ಕೇಸಿನ ಸೀಳಿಗೆ ಹೊಂದಿಸಿ, ಕಾಯಿಲ್‌ನ ಪಾಯಿಂಟ್ ಕಡೆಯ ತುದಿಯಿಂದ ಬಾಡಿಗೆ ಒಂದು ಬಲ್ಬು ಸೇರಿಸಿ, ಇಗ್ನಿಷನ್ ಹಾಕಿ. ಡಿಸ್ಟ್ರಿಬ್ಯೂಟರನ್ನು ಬಲಕ್ಕೆ ತಿರುಗಿಸಿ ಬಲ್ಬು ಆರಿದ ಮೇಲೆ ನಿಧಾನವಾಗಿ ಎಡಕ್ಕೆ ತನ್ನಿ. ಬಲ್ಬು ಹತ್ತಿದ ಕ್ಷಣವೇ ಕಿಡಿಯ ಕ್ಷಣ. ಅಲ್ಲೇ ಬಿಗಿಯಿರಿ.

ಪೆಟ್ರೋಲು ಮತ್ತು ಬೆಂಕಿ

ಬೀಟಲ್ ಸುಟ್ಟುಹೋಗುವುದಕ್ಕೆ ಮೂರು ದಾರಿಗಳಿವೆ, ಮೂರನ್ನೂ ಒಂದು ಸಂಜೆಯಲ್ಲಿ ಮುಚ್ಚಬಹುದು. ಮೊದಲನೆಯದು ಬಟ್ಟೆ ಹೆಣೆದ ಹಳೆಯ ಪೆಟ್ರೋಲ್ ಪೈಪು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ವರೆಗೆ ಎಥೆನಾಲ್ ಇದೆ, ಹಳೆಯ ರಬ್ಬರನ್ನು ಅದು ಮೆತ್ತಗೆ ಮಾಡಿ ಸೀಳುತ್ತದೆ. ಎಥೆನಾಲ್ ತಡೆಯುವ, ಆರ್9 ಎಂದು ಮುದ್ರಿಸಿರುವ ಪೈಪನ್ನು ಎಲ್ಲ ಕಡೆ ಹಾಕಿ, ಪ್ರತಿ ತುದಿಗೆ ಕ್ಲಿಪ್ಪು. ಎರಡನೆಯದು ಕಾರ್ಬುರೇಟರಿಗೆ ಒತ್ತಿ ಕೂರಿಸಿರುವ ಹಿತ್ತಾಳೆ ನಳಿಕೆ. ವರ್ಷ ಕಳೆದಂತೆ ಸಡಿಲಾಗಿ ಒಂದು ದಿನ ಪೈಪಿನ ಸಮೇತ ಹೊರಬಂದು ಡಿಸ್ಟ್ರಿಬ್ಯೂಟರ್ ಮೇಲೆ ಪೆಟ್ರೋಲು ಸುರಿಯುತ್ತದೆ. ಕೈಯಿಂದ ಅಲುಗಿಸಿ ನೋಡಿ, ಅಲುಗಿದರೆ ಮರೆ ಕೊರೆದು ತಿರುಪಿನ ನಳಿಕೆ ಹಾಕಿಸಿ. ಎಂಜಿನ್ ಕೋಣೆಯಲ್ಲಿ ಪೈಪಿನ ನಡುವೆ ಫಿಲ್ಟರ್ ನೇತುಹಾಕಿದರೆ ಆ ನಳಿಕೆಯ ಮೇಲೆ ಭಾರ ಇನ್ನೂ ಹೆಚ್ಚುತ್ತದೆ, ಫಿಲ್ಟರನ್ನು ಟ್ಯಾಂಕಿನ ಕೆಳಗೆ ಅಥವಾ ಗೇರ್‌ಬಾಕ್ಸ್ ಪಕ್ಕ ಇಡಿ. ಮೂರನೆಯದು ಬ್ಯಾಟರಿ. ಹಿಂದಿನ ಸೀಟಿನ ಸ್ಪ್ರಿಂಗು ಅದರ ತುದಿಗಳಿಗೆ ತಾಗಿದರೆ ಸೀಟಿನ ನಾರು ಹೊತ್ತಿಕೊಳ್ಳುತ್ತದೆ. ಮುಚ್ಚಳವಿಲ್ಲದೆ ಬ್ಯಾಟರಿ ಕೂರಿಸಬೇಡಿ.

ವೈರಿಂಗ್ ವಿಷಯದಲ್ಲಿ ಒಂದೇ ಮಾತು: ಗೇರ್‌ಬಾಕ್ಸನ್ನು ಬಾಡಿಗೆ ಸೇರಿಸುವ ಅರ್ಥ್ ಪಟ್ಟಿಯನ್ನು ಹೊಸದಾಗಿ ಹಾಕಿ. ಸ್ಟಾರ್ಟರ್ ಎಳೆಯುತ್ತಿಲ್ಲವೆಂದು ಬ್ಯಾಟರಿ, ಸ್ಟಾರ್ಟರ್ ಎಲ್ಲ ಬದಲಿಸಿದ ಮೇಲೆ ಕೊನೆಗೆ ಸಿಗುವ ತಪ್ಪು ಇದೇ.

ಮೊದಲ ಸ್ಟಾರ್ಟ್, ಮೊದಲ 500 ಕಿ.ಮೀ.

ಎರಡೂವರೆ ಲೀಟರ್ ಆಯಿಲ್ ಹಾಕಿ. ಡೀಸೆಲ್ ಎಂಜಿನ್ನಿಗೆ ಬಳಸುವ 15ಡಬ್ಲ್ಯೂ-40 ಒಳ್ಳೆಯ ಆಯ್ಕೆ, ವಾಲ್ವುಗಳನ್ನು ತೆರೆಯಿಸುವ ಕ್ಯಾಮ್ ಸವೆಯದಂತೆ ಕಾಯುವ ಸತು ಅದರಲ್ಲಿ ಹೆಚ್ಚಿರುತ್ತದೆ. ಪ್ಲಗ್ಗುಗಳನ್ನು ತೆಗೆದು, ಕಾಯಿಲ್ ವೈರು ಬಿಚ್ಚಿ, ಆಯಿಲ್ ದೀಪ ಆರುವವರೆಗೆ ಹತ್ತು ಹತ್ತು ಸೆಕೆಂಡು ಸ್ಟಾರ್ಟರ್ ತಿರುಗಿಸಿ. ಆಮೇಲೆ ಪ್ಲಗ್ಗು ಹಾಕಿ. ಹೆಡ್ ಅಲ್ಯೂಮಿನಿಯಂ ಆದ್ದರಿಂದ ಮೊದಲು ಕೈಬೆರಳಿನಲ್ಲೇ ತಿರುಗಿಸಿ ಕೂರಿಸಿ, ಪಾನಾ ಕೊನೆಗೆ. ಕ್ಯಾಮ್ ಹೊಸದಿದ್ದರೆ ಹತ್ತಿಕೊಂಡ ಕೂಡಲೇ 2000 ಆರ್‌ಪಿಎಂಗೆ ಏರಿಸಿ 20 ನಿಮಿಷ ಅಲ್ಲೇ ಹಿಡಿಯಿರಿ, ಐಡಲಿಂಗ್ ಬಿಡಬೇಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲಿ, ಇನ್ನೊಬ್ಬರು ಹಿಂದೆ ನಿಂತು ಪೆಟ್ರೋಲ್ ಪೈಪುಗಳನ್ನೇ ನೋಡುತ್ತಿರಲಿ.

500 ಕಿ.ಮೀ. ಆದ ಮೇಲೆ ಆಯಿಲ್ ಬಿಡಿ. ಈ ಎಂಜಿನ್ನಿಗೆ ಕಾಗದದ ಫಿಲ್ಟರ್ ಇಲ್ಲ, ಕೆಳಗಿನ ದುಂಡು ತಟ್ಟೆ ಬಿಚ್ಚಿದರೆ ಜಾಲರಿ ಸಿಗುತ್ತದೆ. ಅದರಲ್ಲಿ ಅಂಟಿದ್ದನ್ನು ಬಿಳಿ ಬಟ್ಟೆಯ ಮೇಲೆ ಒರೆಸಿ, ಅಯಸ್ಕಾಂತ ಆಡಿಸಿ. ಸಣ್ಣ ಬೂದು ಪುಡಿ ಸಹಜ, ಹೊಳೆಯುವ ಚಕ್ಕೆಗಳು ಬೇರಿಂಗಿನವು. ತಟ್ಟೆಯ ಆರು ಚಿಕ್ಕ ನಟ್ಟುಗಳಿಗೆ 7 ನ್ಯೂಟನ್ ಮೀಟರ್ ಮಾತ್ರ, ಅದಕ್ಕಿಂತ ಬಿಗಿದರೆ ಮೆತ್ತನೆ ಕೇಸಿನಿಂದ ಸ್ಟಡ್ ಕಿತ್ತು ಬರುತ್ತದೆ. ಅದೇ ದಿನ ವಾಲ್ವ್ ಅಂತರ, ಫ್ಯಾನ್ ಬೆಲ್ಟು, ಬ್ರೇಕಿನ ಹೊಂದಿಕೆ, ಹಿಂದಿನ 36ರ ನಟ್ಟು, ಬಾಡಿ ಬೋಲ್ಟುಗಳನ್ನು ಮತ್ತೊಮ್ಮೆ ನೋಡಿ. ತಳದ ಹೊಸ ರಬ್ಬರ್ ಕುಳಿತಿರುವುದರಿಂದ ಬಾಡಿ ಬೋಲ್ಟುಗಳು ಕಾಲು ಸುತ್ತು ಖಂಡಿತ ಹಿಡಿಯುತ್ತವೆ. ಮುಂದಿನ ಆಯಿಲ್ 5,000 ಕಿ.ಮೀ.ಗೆ, ವಾಲ್ವ್ ಅದರ ಜೊತೆಗೇ.